ಎಣಿಕೆಯಮ್ಮನ ಶಿಫಾರಸು ಪತ್ರ

ನಮ್ಮ ಸಸ್ಯವಿಜ್ಞಾನ ವಿಭಾಗದಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಎಲ್ಲರ ಬಾಯಲ್ಲೂ ಅವಳು ಎಣಿಕೆಯಮ್ಮ. ಮಣ್ಣಿನಲ್ಲಿ ಹೂತ ಕಳೆಬೀಜಗಳು ಎಷ್ಟು ವರ್ಷ ಜೀವ ಹಿಡಿದುಕೊಂಡಿರುತ್ತವೆ ಎಂಬುದು ಅವಳ ಸಂಶೋಧನೆ. ಅಂದರೆ, ಬೆಳಗಿನಿಂದ ಸಂಜೆಯವರೆಗೆ ಗಾಜಿನ ತಟ್ಟೆಯ ಮುಂದೆ ಕೂತು ಚಿಮಟದಲ್ಲಿ ಒಂದೊಂದೇ ಬೀಜ ಸರಿಸುತ್ತ ಎಣಿಸುವುದು. ಮುಗಿದ ಮೇಲೆ ಮೊದಲಿನಿಂದ ಇನ್ನೊಮ್ಮೆ ಎಣಿಸುವುದು. ನಾನು ಅದೇ ವಿಭಾಗದ ಕ್ಲರ್ಕು. ಇಪ್ಪತ್ತೆಂಟು ವರ್ಷದಲ್ಲಿ ಆರು ಮುಖ್ಯಸ್ಥರನ್ನು ಕಂಡಿದ್ದೇನೆ, ಕುರ್ಚಿ ಮಾತ್ರ ಅದೇ. ವಿಜ್ಞಾನ ನನಗೆ ಬರುವುದಿಲ್ಲ. ವಿಜ್ಞಾನಿಗಳು ಮಾತ್ರ ಚೆನ್ನಾಗಿಯೇ ಗೊತ್ತು.

ಎಣಿಕೆಯಮ್ಮನಿಗೆ ಡಾಕ್ಟರೇಟ್ ಬಂದಾಗ ಇನ್ನೇನು ಗೆದ್ದೆವು ಅಂದುಕೊಂಡೆವು. ಎಲ್ಲಿಯ ಗೆಲುವು! ಅದಾದ ಮೇಲೆ ಫೆಲೋಶಿಪ್ ಎಂಬುದೊಂದಿದೆ. ಓದು ಮುಗಿದವರಿಗೆ ಇನ್ನೂ ಎರಡು ವರ್ಷ ಬೇರೆ ಪ್ರಯೋಗಾಲಯದಲ್ಲಿ ತರಬೇತಿ. ಅದಿಲ್ಲದೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಅದಕ್ಕೆ ಅರ್ಜಿ ಹಾಕಲು ಪದವಿ ಬಂದು ಐದು ವರ್ಷ ದಾಟಿರಬಾರದು. ದಾಟಿದರೆ 'ಹೊಸ ಡಾಕ್ಟರೇಟ್' ಅಲ್ಲವಂತೆ. ಹಾಲಿನ ಪ್ಯಾಕೆಟ್ಟಿಗೆ ಇರುವ ಹಾಗೆ ಓದಿದವರಿಗೂ ಕೊನೆಯ ದಿನಾಂಕ ಮುದ್ರಿಸಿಟ್ಟಿದ್ದಾರೆ ಪುಣ್ಯಾತ್ಮರು. ನಾಲ್ಕು ವರ್ಷ ಅರ್ಜಿ ಹಾಕಿದಳು, ನಾಲ್ಕು ಸಲವೂ 'ವಿಷಾದಿಸುತ್ತೇವೆ' ಎಂದು ಉತ್ತರ ಬಂತು. ಇದು ಐದನೆಯದು, ಕೊನೆಯದು. ಈ ಸಲವೂ ಇಲ್ಲವೆಂದರೆ ಚಿಮಟ ಕೆಳಗಿಟ್ಟು ಮನೆಗೆ ಹೋಗುವುದೇ.

ಮನೆಯಲ್ಲಿ ಅವಳ ತಾಯಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು, ಬೀದಿಯವರ ಬಟ್ಟೆಗಳನ್ನು ಹೊಲಿದೇ ಮಗಳನ್ನು ಓದಿಸಿದಾಕೆ. ಆಗಾಗ ಆಫೀಸಿಗೆ ಫೋನು ಮಾಡುತ್ತಿದ್ದರು.

"ಅಲ್ಲ ಕಣಮ್ಮಾ, ಇವಳ ಓದು ಮುಗೀತು ಅಂದ್ರಲ್ಲ?"

"ಮುಗೀತು ತಾಯಿ. ಇದು ಮುಗಿದ ಮೇಲೆ ಓದೋದು."

"ನಾನು ಬಟ್ಟೆ ಹೊಲಿದು ಕೊಟ್ಟ ಮೇಲೆ ಮತ್ತೆ ಹೊಲಿತೀನಿ ಅಂದ್ರೆ ಜನ ಸುಮ್ನಿರ್ತಾರಾ?" ಎಂದು ಫೋನಿಟ್ಟುಬಿಟ್ಟರು.

ಅರ್ಜಿಯ ಜೊತೆ ಮಾರ್ಗದರ್ಶಕರ ಶಿಫಾರಸು ಪತ್ರ ಬೇಕು. ನಮ್ಮಲ್ಲಿ ಮಾರ್ಗದರ್ಶಕರು ಅಂದರೆ ವಿಭಾಗದ ಮುಖ್ಯಸ್ಥರಾದ ದೊಡ್ಡ ಸರ್. ಸಾಕ್ಷಾತ್ ಜ್ಞಾನದ ಭಂಡಾರ. ಬೀಗದ ಕೈ ಎಲ್ಲಿಟ್ಟಿದ್ದಾರೋ ಅವರಿಗೇ ಗೊತ್ತಿಲ್ಲ. ಪತ್ರ ಬೇಕು ಎಂದು ಯಾರು ಹೋದರೂ "ನೀವೇ ಬರ್ಕೊಂಡು ಬನ್ನಿ, ಸೈನ್ ಹಾಕ್ತೀನಿ" ಎನ್ನುತ್ತಿದ್ದರು. ಇದು ಇಲ್ಲಿಯ ಪದ್ಧತಿ. ಕಿರಿಯರಿಗೆ ತಮ್ಮನ್ನು ತಾವೇ ಹೊಗಳಿಕೊಳ್ಳಲು ನಾಚಿಕೆ. ಸೀದಾ ಎಣಿಕೆಯಮ್ಮನ ಹತ್ತಿರ ಹೋಗುತ್ತಿದ್ದರು. ಅವಳು ಬೀಜದ ತಟ್ಟೆ ಪಕ್ಕಕ್ಕಿಟ್ಟು ಬರೆದುಕೊಡುತ್ತಿದ್ದಳು. ಸರ್ ರಜೆ ಅರ್ಜಿಗಳ ನಡುವೆ ಅದಕ್ಕೂ ಸಹಿ ಗೀಚುತ್ತಿದ್ದರು. ನಾನು ಸ್ಕ್ಯಾನ್ ಮಾಡಿ ಕಳಿಸುತ್ತಿದ್ದೆ. ಹೀಗೆ ಹನ್ನೊಂದು ಜನ ಫೆಲೋಶಿಪ್ ಪಡೆದು ವಿಮಾನ ಹತ್ತಿದರು. ಬರೆದುಕೊಟ್ಟವಳು ಮಾತ್ರ ಇಲ್ಲೇ ತಟ್ಟೆಯ ಮುಂದೆ.

ಆ ಐದನೆಯ ಸಲ ಒಬ್ಬ ಕಿರಿಯನ ಪತ್ರ, ಅವಳ ಪತ್ರ ಎರಡೂ ಒಂದೇ ದಿನ ಸಹಿಗೆ ಬಂದವು. ಅದಲುಬದಲಾದೀತು ಎಂದು ಓದಿದೆ. ಇಷ್ಟು ವರ್ಷ ಓದಿರಲಿಲ್ಲ, ದೊಡ್ಡವರ ಮಾತು ನಮಗ್ಯಾಕೆ ಎಂದು. ಕಿರಿಯನದು ಎರಡು ಪುಟ: 'ಇಂಥ ಪ್ರತಿಭೆ ಅಧ್ಯಾಪಕನೊಬ್ಬನ ಬದುಕಿನಲ್ಲಿ ಒಮ್ಮೆ ಮಾತ್ರ ಎದುರಾಗುತ್ತದೆ.' ಅವಳದು ಮೂರು ಸಾಲು: 'ಇವರು ಸಮಯಕ್ಕೆ ಸರಿಯಾಗಿ ಬರುತ್ತಾರೆ. ಕೆಲಸ ತೃಪ್ತಿಕರ. ಸ್ವಲ್ಪ ನಿಧಾನ.' ಹಳೆಯ ಕಡತ ತೆಗೆದೆ. ನಾಲ್ಕು ವರ್ಷವೂ ಅದೇ ಮೂರು ಸಾಲು!

ನನಗೆ ಮೈಯೆಲ್ಲ ಉರಿದುಹೋಯಿತು. ಪತ್ರ ಹಿಡಿದು ನೇರ ಅವಳ ಮೇಜಿಗೆ ನಡೆದೆ.

"ಏನೇ ಇದು? ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡಿದೀಯಲ್ಲೇ! ಊರವರಿಗೆಲ್ಲ ಎರಡೆರಡು ಪುಟ, ನಿನಗೆ ಮೂರು ಸಾಲಾ?"

ಅವಳು ತಲೆಯೆತ್ತಲಿಲ್ಲ. "ನಾನೂರ ಹನ್ನೆರಡು," ಎಂದು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಹೇಳಿದಳು. "ಸರ್ ಪರವಾಗಿ ತಾನೇ ಅಕ್ಕಾ ಬರೆಯೋದು? ಬೇರೆಯವರ ಬಗ್ಗೆ ಅವರು ಏನು ಹೇಳ್ತಾರೆ ಅಂತ ಕೇಳಿಸ್ಕೊಂಡಿದೀನಿ. ಅದನ್ನೇ ಬರೀತೀನಿ. ನನ್ನ ಬಗ್ಗೆ ಏನು ಹೇಳ್ತಾರೆ ಅನ್ನೋದೂ ಗೊತ್ತು. ಅದನ್ನೇ ಬರ್ದೆ. ಸುಳ್ಳು ಬರೆಯಕ್ಕಾಗುತ್ತಾ?"

ಅಳುವ ಹೆಂಗಸಲ್ಲ ನಾನು, ಬೇಕಾದರೆ ವಿಭಾಗದಲ್ಲಿ ಯಾರನ್ನಾದರೂ ಕೇಳಿ. ಆದರೂ ಅಳು ಬಂತು, ಅದನ್ನು ತೋರಿಸದೆ ವಾಪಸು ಬಂದು ಕೂತೆ.

ನನಗೆ ಒಂದು ವಿಷಯ ಗೊತ್ತಿತ್ತು. ಅವಳ ಪ್ರಬಂಧ ಮುಗಿದು ಬೈಂಡಿಂಗಿಗೆ ಹೋಗುವ ವಾರ, ಹದಿನಾಲ್ಕು ತಟ್ಟೆಗಳ ಚೀಟಿ ಅದಲುಬದಲಾಗಿದೆ ಎಂದು ಅವಳಿಗೇ ಅನುಮಾನ ಬಂತು. ಬೇರೆ ಯಾರಿಗೂ ಗೊತ್ತಾಗುವ ಸಂಭವವೇ ಇರಲಿಲ್ಲ. ಸರ್ ಬಳಿ ತಾನೇ ಹೋಗಿ ಹೇಳಿದಳು, ಇಡೀ ವರ್ಷದ ಕೆಲಸ ಮತ್ತೆ ಮಾಡಿದಳು. ಅವಧಿ ವಿಸ್ತರಣೆಯ ಅರ್ಜಿ ಟೈಪ್ ಮಾಡಿದ್ದು ನಾನೇ. ಸರ್ ಅದಕ್ಕೂ ಓದದೇ ಸಹಿ ಹಾಕಿದ್ದರು.

ಆ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಅವಳ ಮೂರು ಸಾಲನ್ನು ಡ್ರಾಯರಿಗೆ ತಳ್ಳಿ ನಾನೇ ಟೈಪ್ ಮಾಡಿದೆ. ಪ್ರತಿಭೆ, ಗಿತಿಭೆ ಏನೂ ಬರೆಯಲಿಲ್ಲ, ನನಗೆ ಬರುವುದೂ ಇಲ್ಲ. ಕಂಡದ್ದನ್ನು ಬರೆದೆ. ಹದಿನಾಲ್ಕು ತಟ್ಟೆಯ ಕಥೆ ಬರೆದು ಕೊನೆಗೆ ಹೀಗೆ ಸೇರಿಸಿದೆ: 'ತನ್ನ ತಪ್ಪನ್ನು ತಾನೇ ಬಂದು ಹೇಳಿ ಒಂದು ವರ್ಷ ಕಳೆದುಕೊಂಡವಳು ಇವಳು. ಇವಳು ಎಣಿಸಿದ್ದನ್ನು ನಾನು ಮತ್ತೆ ಎಣಿಸುವುದಿಲ್ಲ.' ಗಾಜಿನ ಸಾಮಾನಿನ ಬೇಡಿಕೆ ಪಟ್ಟಿಯ ಕೆಳಗೆ ಇಟ್ಟು ಸಹಿಗೆ ಕೊಟ್ಟೆ. ಸರ್ ಫೋನಿನಲ್ಲಿ ಮಾತಾಡುತ್ತ ಎರಡಕ್ಕೂ ಗೀಚಿದರು. ಸ್ಕ್ಯಾನ್ ಮಾಡಿ ಕಳಿಸಿಬಿಟ್ಟೆ. ಮಾಡಿದ್ದು ತಪ್ಪು, ಒಪ್ಪುತ್ತೇನೆ. ಆದರೆ ವಿಭಾಗದಿಂದ ಹೋದ ಅಷ್ಟೂ ಪತ್ರಗಳಲ್ಲಿ ನಿಜ ಇದ್ದದ್ದು ಅದೊಂದರಲ್ಲೇ.

ಎರಡು ತಿಂಗಳಿಗೆ ಉತ್ತರ ಬಂತು. ಆಯ್ಕೆಯಾಗಿದ್ದಾಳೆ! ಪತ್ರದಲ್ಲಿ ಆಯ್ಕೆ ಸಮಿತಿಯವರು ಒಂದು ಮಾತು ಸೇರಿಸಿದ್ದರು: 'ಇವಳು ಎಣಿಸಿದ್ದನ್ನು ನಾನು ಮತ್ತೆ ಎಣಿಸುವುದಿಲ್ಲ ಎಂಬ ನಿಮ್ಮ ಮಾರ್ಗದರ್ಶಕರ ಸಾಲು ನಮ್ಮೆಲ್ಲರನ್ನೂ ತಟ್ಟಿತು.' ದೊಡ್ಡ ಸರ್ ಅದನ್ನು ಎರಡು ಸಲ ಓದಿದರು. ನಾನು ಎದುರಿಗೆ ಕಡತ ಹಿಡಿದು ನಿಂತಿದ್ದೆ. "ಬರೆದದ್ದು ನೆನಪಿಲ್ಲ ನೋಡಿ. ಆದ್ರೆ ಶೈಲಿ ನಂದೇ," ಎಂದು ಕನ್ನಡಕ ಒರೆಸಿಕೊಂಡರು. ಸಂಜೆಯೊಳಗೆ ಮೂರು ಜನರಿಗೆ ಆ ಸಾಲನ್ನು ಬಾಯಿಪಾಠ ಒಪ್ಪಿಸಿದರು.

ಎಣಿಕೆಯಮ್ಮ ಓಡುತ್ತ ನನ್ನ ಮೇಜಿಗೆ ಬಂದಳು. ಆ ಹುಡುಗಿ ಓಡಿದ್ದನ್ನು ಮೊದಲ ಸಲ ಕಂಡೆ.

"ಅಕ್ಕಾ, ನಾನು ಬರೆದುಕೊಟ್ಟಿದ್ದನ್ನ ಹರಿದು ಹಾಕಿ ಅವರೇ ಕೂತು ಬರೆದಿದ್ದಾರೆ! ಇಷ್ಟು ವರ್ಷ ನನ್ನ ಕಡೆ ನೋಡೇ ಇಲ್ಲ ಅಂದ್ಕೊಂಡಿದ್ದೆ. ಎಂಥ ತಪ್ಪು ತಿಳ್ಕೊಂಡಿದ್ದೆ ನೋಡಿ!" ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದಳು.

ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಏನು ಮಾಡುತ್ತಾಳೆ ಎಂದೂ ಗೊತ್ತಿತ್ತು. ಅಲ್ಲೇ ಕೂತು ಸಮಿತಿಗೆ ಪತ್ರ ಬರೆಯುತ್ತಾಳೆ: ತಪ್ಪಾಗಿದೆ, ಪತ್ರ ಮಾರ್ಗದರ್ಶಕರದ್ದಲ್ಲ, ಫೆಲೋಶಿಪ್ ಹಿಂತೆಗೆದುಕೊಳ್ಳಿ.

"ಹೌದಮ್ಮಾ," ಅಂದೆ. "ಬರೆದವರು ನಿನ್ನನ್ನ ಚೆನ್ನಾಗಿ ನೋಡಿದ್ದಾರೆ. ಹೋಗು, ಸರ್‌ಗೆ ಒಂದು ಥ್ಯಾಂಕ್ಸ್ ಹೇಳಿ ಬಾ."

ಹೋದಳು.