ಗಂಟೆಗೊಂದು ಗಂಟು

ವಿಮಾನದ ಟಿಕೆಟ್ ಮಾರುವ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕುರ್ಚಿ ಸವೆಸಿದವನೊಬ್ಬನಿದ್ದ. ಒಮ್ಮೆಯೂ ವಿಮಾನ ಹತ್ತಿದವನಲ್ಲ. ಏಣಿ ಹತ್ತಿದರೂ ತಲೆ ಸುತ್ತುವ ಶೂರ. ಮಾತು ಮಾತ್ರ ಮೋಡದ ಮೇಲೆ. ಬೀದಿಯವರು ಅವನನ್ನು ದಾರದಪ್ಪ ಎನ್ನುತ್ತಿದ್ದರು. ಗೋಡೆಯಲ್ಲಿ ಏಷ್ಯಾದ ನಕ್ಷೆ, ಜೇಬಿನಲ್ಲಿ ಬಿಳಿ ದಾರ, ದಾರಕ್ಕೆ ಗಂಟೆಗೊಂದು ಗಂಟು. ಊರಿಂದೂರಿಗೆ ದಾರ ಹಿಡಿದು ಗಂಟೆಣಿಸಿ, ಹೊರಡುವ ಹೊತ್ತಿಗೆ ಅದನ್ನು ಕೂಡಿಸಿ, ಟಿಕೆಟ್ಟಿನಲ್ಲಿ ಅಚ್ಚಾದ ಹೊತ್ತನ್ನು ಕೆಂಪು ಪೆನ್ಸಿಲಿನಿಂದ ತಿದ್ದುತ್ತಿದ್ದ. ಅಚ್ಚಾಗಿದ್ದು ಇಳಿಯುವ ಊರಿನ ಗಡಿಯಾರದ ಹೊತ್ತು ಎಂಬ ಸಣ್ಣ ಸಂಗತಿ ಆ ದೊಡ್ಡ ತಲೆಗೆ ಇಳಿಯಲೇ ಇಲ್ಲ. ನೆಂಟರನ್ನು ಕರೆತರಲು ಹೋದವರು ಎರಡು ಗಂಟೆ ಕಾದು ಬಂದು ಬೈದರೆ, "ಎದುರುಗಾಳಿ, ಏನ್ ಮಾಡೋಕಾಗತ್ತೆ?" ಎನ್ನುತ್ತಿದ್ದ.

ಅವನ ಹೆಂಡತಿ ದರ್ಜಿ. ಒಂದು ಬೆರಳಗಲ ತಪ್ಪಿದರೆ ರವಿಕೆ ಮೈಗೆ ಹತ್ತುವುದಿಲ್ಲ ಎಂದು ಬಲ್ಲವಳು. ಗಂಡನ ಅಳತೆಯನ್ನು ಮದುವೆಯಾದ ವರ್ಷವೇ ತೆಗೆದು ಮುಗಿಸಿದ್ದಳು.

ಗಂಡನ ತಂಗಿಯ ಮಗಳು ಬ್ಯಾಂಕಾಕಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವಳಿಗೆ ಹಡಗೊಂದರಲ್ಲಿ ಅಡುಗೆ ಕೆಲಸ ಸಿಕ್ಕಿತು. ಟೋಕಿಯೋ ಬಂದರಿನಲ್ಲಿ ಸಂಜೆ ಐದಕ್ಕೆ ಹಾಜರಾಗಬೇಕು. ತಪ್ಪಿದರೆ ಕೆಲಸ ಇನ್ನೊಬ್ಬರ ಪಾಲು. ಟಿಕೆಟ್ ಮಾವನೇ ಮಾಡಿದ.

ಮರೆತ ಕನ್ನಡಕ ಕೊಡಲು ಅಂಗಡಿಗೆ ಬಂದ ಹೆಂಡತಿ ಆ ಟಿಕೆಟ್ ನೋಡಿದಳು. ಹೊರಡುವುದು ಬೆಳಗ್ಗೆ ಎಂಟಕ್ಕೆ. ಇಳಿಯುವುದು ಸಂಜೆ ನಾಲ್ಕಕ್ಕೆ ಎಂದಿದ್ದದ್ದು ಹೊಡೆದುಹೋಗಿ, ಮೇಲೆ ಕೆಂಪಗೆ "ಎರಡು".

"ರೀ, ಇಲ್ಲಿ ನಾಲ್ಕು ಅಂತಿದೆಯಲ್ಲ?"

"ನಾಲ್ಕು ಸಾವಿರದ ಆರುನೂರು ಕಿಲೋಮೀಟರ್, ಆರು ಗಂಟು. ಎಂಟಕ್ಕೆ ಆರು ಕೂಡಿಸು, ಎರಡು. ಬೆರಳೆಣಿಸೋಕೆ ಬರತ್ತೆ ತಾನೆ?"

"ಟೋಕಿಯೋದವರ ಗಡಿಯಾರ ಬ್ಯಾಂಕಾಕಿಗಿಂತ ಎರಡು ಗಂಟೆ ಮುಂದೆ ಇದೆಯಂತೆ."

"ಮುಂದಿದ್ರೆ ಹಿಂದಕ್ಕೆ ತಿರುಗಿಸಿಕೊಳ್ಳಲಿ! ಗುಂಡಿ ಹೊಲಿಯೋಳು ನಂಗೆ ಹಾರೋದು ಹೇಳಿಕೊಡ್ತಾಳೆ."

ಕೋಣನ ಮುಂದೆ ಕಿನ್ನರಿ ಯಾಕೆಂದು ಅವಳು ಕನ್ನಡಕ ಮೇಜಿನ ಮೇಲಿಟ್ಟು ಹೊರಬಂದಳು. ಮೆಟ್ಟಿಲ ಮೇಲೇ ನಿಂತು ಹುಡುಗಿಗೆ ಫೋನ್ ಮಾಡಿದಳು.

"ನಾಲ್ಕಕ್ಕೆ ಇಳಿದರೆ ಐದಕ್ಕೆ ಬಂದರು ಮುಟ್ಟಲ್ಲ ಕಣೇ. ಹಿಂದಿನ ದಿನದ ವಿಮಾನಕ್ಕೆ ಬದಲಾಯಿಸು."

"ಮಾವ ಬೇಜಾರು ಮಾಡ್ಕೋತಾರೆ ಅತ್ತೆ..."

"ಮಾಡ್ಕೊಳ್ಳಲಿ. ನಿಮ್ಮಾವ ಬೇಜಾರಾದ್ರೆ ಉಂಡ ಮೇಲೆ ಸರಿಹೋಗ್ತಾನೆ. ಹಡಗು ಹೋದ್ರೆ ವಾಪಸ್ ಬರತ್ತಾ?"

ಹಾಜರಾಗಬೇಕಿದ್ದ ದಿನ ಹುಡುಗಿ ಹಡಗಿನ ಅಡುಗೆಮನೆಯಿಂದಲೇ ಫೋನ್ ಮಾಡಿದಳು. "ಹತ್ತಿದೆ ಮಾವ!" ಅಷ್ಟೇ ಅಂದಳು, ಪಾಪ, ಒಳ್ಳೆಯ ಹುಡುಗಿ. ದಾರದಪ್ಪ ಅಂಗಡಿ ತುಂಬಿದ ಗಿರಾಕಿಗಳ ಮುಂದೆ ದಾರ ಎತ್ತಿ ಹಿಡಿದ. "ನೋಡಿದ್ರಾ? ಕಂಪ್ಯೂಟರ್ ಹೇಳಿದ್ದು ನಂಬಿದ್ದಿದ್ರೆ ಕೆಲಸ ಕೆಡ್ತಿತ್ತು!"

ಮನೆಗೆ ಬಂದೂ ಅದನ್ನೇ ಮೂರು ಸಲ ಹೇಳಿದ. ಹೆಂಡತಿ ಅನ್ನ ಬಡಿಸಿದಳು. ಬೆಳಗ್ಗೆ ಎದ್ದು ನೋಡಿದರೆ ಜೇಬಿನಲ್ಲಿ ದಾರವಿಲ್ಲ.

"ನನ್ನ ದಾರ ಎಲ್ಲೇ?"

ಅವಳು ಹೊಲಿಗೆಯಿಂದ ತಲೆ ಎತ್ತಲಿಲ್ಲ. "ನಿಮ್ಮ ಪೈಜಾಮಾಕ್ಕೆ ಲಾಡಿ ಇರಲಿಲ್ಲ, ಪೋಣಿಸಿದೀನಿ. ಗಂಟು ಜಾಸ್ತಿ, ಎಳೆಯೋಕೆ ಸ್ವಲ್ಪ ಕಷ್ಟ. ಎದುರುಗಾಳಿ ಅಂದ್ಕೊಳ್ಳಿ."