ಕನೆಕ್ಷನ್ ಲೂಜ್ ಆಗಿರಲಿಲ್ಲ

ಶಾಂತಕ್ಕಾ, ಆ ದಿನ ಮೈಕಿನ ತಂತಿ ತಾನಾಗಿ ಕಳಚಿಕೊಳ್ಳಲಿಲ್ಲ. ನಾನು ಕಿತ್ತೆ. ವೇದಿಕೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, ನೀವು ಮುಂದಿನ ಸಾಲಿಗೆ ಉಸಿರು ತೆಗೆದುಕೊಳ್ಳುತ್ತಿದ್ದಾಗ, ಇದೇ ಕೈಯಿಂದ ಕಿತ್ತೆ.

ಬರೆದುಬಿಟ್ಟೆ. ಇನ್ನು ಅಳಿಸಿದರೆ ನನ್ನಂಥ ಹೇಡಿ ಮತ್ತೊಬ್ಬನಿಲ್ಲ.

ನಾನೂ ನನ್ನ ಗೆಳೆಯನೂ ಇಂಡಿ ಪಟ್ಟಣದಲ್ಲಿ ಒಂದು ಕೋಣೆ ಹಿಡಿದು ಆಗಷ್ಟೇ ಕಂಪನಿ ಶುರುಮಾಡಿದ್ದೆವು. ಹಾಡುವವರನ್ನು ವ್ಯಾಪಾರಸ್ಥರಿಗೆ ಜೋಡಿಸುವುದು ನಮ್ಮ ಕೆಲಸ — ಅಂಗಡಿ ಉದ್ಘಾಟನೆಗೆ ಡಿಜೆ ಬದಲು ನಮ್ಮ ನೆಲದ ಮೇಳ. ಏನು ಉದ್ಯೋಗ ಎಂದು ಕೇಳಿದವರಿಗೆಲ್ಲ "ಕನೆಕ್ಷನ್ ಮಾಡಾಕತ್ತೇನ್ರಿ" ಎನ್ನುತ್ತಿದ್ದೆ. ಕರೆಂಟಿನವನೆಂದು ತಿಳಿದು ಝಳಕಿಯ ಅಜ್ಜಿಯೊಬ್ಬಳು ತನ್ನ ಮನೆಯ ಮೀಟರ್ ತೋರಿಸಿದ್ದಳು. ಆಗ ನಗು ಬಂದಿತ್ತು.

ನಮಗೆ ಸಿಕ್ಕ ಮೊದಲ ದೊಡ್ಡ ಕುಳವೆಂದರೆ ಟ್ರ್ಯಾಕ್ಟರ್ ಶೋರೂಮ್ ತೆರೆಯುತ್ತಿದ್ದ ಸಾವುಕಾರರು. ಅವರ ಮನಸ್ಸು ಗೆದ್ದರೆ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಂಗಡಿಗಳ ಬಾಗಿಲು ತಾವಾಗಿ ತೆರೆಯುತ್ತಿದ್ದವು. ಅವರ ಉದ್ಘಾಟನೆಗೆ ನಾನು ಹರದೇಶಿ-ನಾಗೇಶಿ ಇಡಿಸಿದೆ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿ ಸವಾಲು ಎಸೆಯಬೇಕು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡಿಯೇ ಉತ್ತರ ಕೊಡಬೇಕು. ಉತ್ತರ ಬರಲಿಲ್ಲವೋ, ಸೋತಂತೆ. ಆ ಸೋಲು ಹಾಡುವವರಿಗಿಂತ ಮೊದಲು ಊರೂರು ತಲುಪುತ್ತದೆ. ಹರದೇಶಿಗೆ ಕೊಲ್ಹಾರದ ಗುರಪ್ಪಜ್ಜ, ನಾಗೇಶಿಗೆ ತಾಂಬಾದ ನೀವು. ತಾಯಿಯಿಂದ ಕಲಿತ ಹಾಡು ನಿಮ್ಮದು. ಎಂದೂ ಸೋತವರಲ್ಲ.

ಗುರಪ್ಪಜ್ಜ ದಪ್ಪು ಬಡಿದು ಕೇಳಿದರು: "ಹೊಲ ಉತ್ತಾಂವ ಗಂಡಸ, ಹೊಲಾನೂ ಅವಂದ, ಹೆಣ್ಣಿಗೇನೈತಿ ಹೇಳ ಹಕ್ಕ?" ನೀವು ನಗುತ್ತ ಎದ್ದಿರಿ. "ಉಡಿಯಾಗ ಬೀಜ ಕಟ್ಟಿ ಬಿತ್ತಿದಾಕಿ ಯಾರೋ, ತಂಗೀ ಪಾಲು ನುಂಗಿ ತೇಗಿದಾಂವ ಯಾರೋ—"

ಹೆಂಗಸರ ನಡುವೆ ಸಾವುಕಾರರ ತಂಗಿ ಕೂತಿದ್ದಳು. ಶೋರೂಮು ನಿಂತ ಜಾಗ ಅವಳ ಪಾಲಿಗೆ ಬರಬೇಕಿತ್ತೆಂದು ಇಂಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಿಮಗೆ ಗೊತ್ತಿರಲಿಲ್ಲ, ನಿಮ್ಮ ತಾಯಿ ಕಲಿಸಿದ ಹಳೆಯ ಉತ್ತರವನ್ನೇ ನೀವು ಹಾಡಿದಿರಿ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಾವುಕಾರರು ತಿರುಗಿ ನನ್ನನ್ನು ನೋಡಿದರು. ಬರೀ ನೋಡಿದರು — ಇದನ್ನು ನಾನು ಒತ್ತಿ ಹೇಳಬೇಕು. ತಂತಿ ಕೀಳು ಎಂದು ನನಗೆ ಯಾರೂ ಹೇಳಲಿಲ್ಲ. ನಾನೇ ವೇದಿಕೆಯ ಹಿಂದೆ ಹೋದೆ.

ನೀವು ಹಾಡುತ್ತಲೇ ಇದ್ದಿರಿ. ಬಯಲಿನಲ್ಲಿ ನಿಮ್ಮ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. "ಕೇಳಸವಲ್ದು!" ಎಂದು ಹಿಂದಿನವರು ಕೂಗಿದರು, ಸಿಳ್ಳೆ ಹಾಕಿದರು. ಅಷ್ಟರಲ್ಲಿ ಸಾವುಕಾರರು ವೇದಿಕೆ ಹತ್ತಿ ಗೆದ್ದ ಹಾರವನ್ನು ಗುರಪ್ಪಜ್ಜನ ಕೊರಳಿಗೆ ಹಾಕಿಬಿಟ್ಟರು. ನೀವು ನನ್ನ ಕಡೆ ತಿರುಗಿದಿರಿ.

"ದೀಪ ಉರಿಯಾಕತ್ತಾವಲ್ಲೋ ತಮ್ಮಾ. ಕರೆಂಟ್ ಹೋಗಿಲ್ಲ."

"ಕನೆಕ್ಷನ್ ಲೂಜ್ ಆಗೇತ್ರಿ, ಅಕ್ಕಾರ."

ಎಷ್ಟು ಸಲೀಸಾಗಿ ಬಂತು ಆ ಮಾತು! ನೀವು ನನ್ನ ಬೆನ್ನು ಸವರಿದಿರಿ. "ಇರ್ಲಿ ಬಿಡೋ. ವಯರ್ ತಪ್ಪಿದ್ರ ನೀ ಏನ್ ಮಾಡ್ತಿ?" ನನ್ನನ್ನೇ ಸಮಾಧಾನ ಮಾಡಿದಿರಿ, ಅಕ್ಕಾ. ಆ ಕೈ — ಬೇಡ, ಅದನ್ನು ಬರೆದರೆ ಮತ್ತೆ ನನ್ನ ಗೋಳೇ ಆಗುತ್ತದೆ.

ನಮ್ಮ ಕಂಪನಿ ಬೆಳೆಯಿತು. ಸಾವುಕಾರರ ಒಂದೊಂದು ಫೋನಿಗೆ ಒಂದೊಂದು ಊರು ಒಲಿಯಿತು. ನಿಮ್ಮ ಸೋಲೂ ಅದೇ ದಾರಿ ಹಿಡಿಯಿತು. "ಇಂಡಿಯಾಗ ಶಾಂತವ್ವನ ಬಾಯಿ ಕಟ್ತಂತ" ಎಂದು ಸಿಂದಗಿಯ ಚಹಾದಂಗಡಿಯಲ್ಲಿ ಯಾರೋ ಅಂದರು. ನಾನು ಪಕ್ಕದಲ್ಲೇ ಕೂತು ಚಹಾ ಕುಡಿದೆ. ಕುಡಿದು ಮುಗಿಸಿದೆ. ಮುದ್ದೇಬಿಹಾಳದವರು ಸವಾಲಿಗೆ ಬೇರೆ ಮೇಳ ಕೇಳಿದಾಗಲೂ ತುಟಿ ಬಿಚ್ಚಲಿಲ್ಲ. ನಿಮ್ಮನ್ನು ಎಲ್ಲರೂ ಕರೆಯುವುದು ಬಿಟ್ಟ ಮೇಲೆ, ಅಂಗಡಿ ಪೂಜೆಗಳಲ್ಲಿ ಮೊದಲಿಗೆ ಒಂದು ಸ್ತುತಿ ಪದ ಹಾಡಲು ನಾನೇ ಕರೆಸತೊಡಗಿದೆ. ಅದಕ್ಕೆ ನೀವು ನನ್ನನ್ನು ಹರಸುತ್ತೀರಿ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ.

ಪ್ರತಿ ಸಲ ಹಾಡುವ ಮುನ್ನ ನೀವು ಕೇಳುತ್ತೀರಿ: "ಕನೆಕ್ಷನ್ ನೋಡೀಯಲ್ಲೋ ತಮ್ಮಾ?" ಕುಂಬಳಕಾಯಿ ಕಳ್ಳನಂತೆ ನನ್ನ ಕೈ ಹೆಗಲಿಗೆ ಹೋಗುತ್ತದೆ. "ನೋಡೇನ್ರಿ" ಎನ್ನುತ್ತೇನೆ. ನೀವು ನಂಬುತ್ತೀರಿ. ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ.

ಹೋದ ವಾರ ಕೊಲ್ಹಾರಕ್ಕೆ ಹೋಗಿ ಗುರಪ್ಪಜ್ಜನ ಮುಂದೆ ಎಲ್ಲ ಹೇಳಿದೆ. ಹಗುರಾಗಲೆಂದು ಹೋಗಿದ್ದೆ, ಸುಳ್ಳೇಕೆ? "ಉತ್ತರಾ ಕೇಳದ ಹಾಕ್ಕೊಂಡ ಹಾರ ಅದು. ನನಗೂ ಹೇಸಿಗಿ ಆಗೇತಿ," ಎಂದರು ಅಜ್ಜ. ಆಮೇಲೆ: "ನನ್ನ ಕಿವ್ಯಾಗ ಹೇಳಿದ್ರ ಏನ್ ಬಂತೋ? ಅಕೀ ಸೋತಿದ್ದು ಮಂದಿ ಮುಂದ. ಮೈಕಿನ್ಯಾಗ ಹೇಳು."

ಬರುವ ಸೋಮವಾರ ಬಸವನ ಬಾಗೇವಾಡಿಯಲ್ಲಿ ಬಟ್ಟೆ ಅಂಗಡಿಯ ಉದ್ಘಾಟನೆ. ಅಂಗಡಿಯವರು ಆ ಸಾವುಕಾರರ ಬೀಗರು. ಸಾವುಕಾರರು ಮೊದಲ ಸಾಲಿನಲ್ಲೇ ಕೂರುತ್ತಾರೆ. ಅಂದೇ ನಮ್ಮ ಕಂಪನಿಗೆ ಬೀಗ ಬೀಳಬಹುದು. ಗೆಳೆಯನಿಗೆ ಹೇಳಿದ್ದೇನೆ. ಅವನು ಮಾತು ಬಿಟ್ಟಿದ್ದಾನೆ.

ಎಂದಿನಂತೆ ನೀವು ಕೇಳುತ್ತೀರಿ, ಕನೆಕ್ಷನ್ ನೋಡೀಯಲ್ಲೋ ಎಂದು. ಈ ಸಲ ನಾನು ಮೈಕಿನ ಮುಂದೆ ನಿಂತು ಈ ಬರಹದ ಮೊದಲ ಸಾಲುಗಳನ್ನು ಓದಿ, ಹಾಳೆಯನ್ನು ನಿಮ್ಮ ಕೈಗೆ ಕೊಡುತ್ತೇನೆ. ಗುರಪ್ಪಜ್ಜ ಬರುತ್ತಾರೆ, ಅದೇ ಸವಾಲನ್ನು ಮತ್ತೆ ಹಾಡುತ್ತಾರೆ. ಉತ್ತರ ಹಾಡುವುದು, ಬಿಡುವುದು, ನನ್ನ ಮುಖಕ್ಕೆ ಉಗಿಯುವುದು — ಎಲ್ಲ ನಿಮಗೆ ಬಿಟ್ಟದ್ದು. ನಾನು ಕೆಳಗೆ ಮಂದಿಯ ನಡುವೆ ಕೂತಿರುತ್ತೇನೆ, ತಂತಿಗೆ ಕೈ ನಿಲುಕದಷ್ಟು ದೂರ.