ಬೇಡವೆಂದ ಚಪ್ಪಲಿ

ಮೂವತ್ತು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ನಿಂತೇ ದುಡಿದು ನಿವೃತ್ತಳಾದ ನರ್ಸೊಬ್ಬಳಿಗೆ ಅಂಗಡಿಯವರೆಂದರೆ ಮೊದಲಿನಿಂದಲೂ ಅನುಮಾನ. "ನಮ್ಮಕ್ಕ ಹಾಲನ್ನೂ ಎರಡು ಸಲ ಮೂಸಿ ಕುಡಿಯೋಳು" ಎಂದು ತಂಗಿ ಆಡಿಕೊಳ್ಳುತ್ತಿದ್ದಳು. ಒಂದು ದಿನ ಚಪ್ಪಲಿ ಅಂಗಡಿಯಲ್ಲಿ ಅವಳು ದುಬಾರಿ ಜೋಡಿಯೊಂದನ್ನು ಆರಿಸಿದಾಗ, ಮಾರುವ ಹೆಂಗಸು ಅವಳ ಊದಿದ ಪಾದ ನೋಡಿ, "ಇದು ಬೇಡಮ್ಮ, ಸಂಜೆ ಹೊತ್ತಿಗೆ ಕಚ್ಚುತ್ತೆ. ಈ ಅಗಲದ್ದು ತಗೊಳ್ಳಿ, ಬೆಲೆನೂ ಕಮ್ಮಿ" ಎಂದಳು.

ನರ್ಸಿನ ಕಿವಿ ನಿಮಿರಿತು. ಮಾರುವವಳೇ ಬೇಡ ಎನ್ನುತ್ತಾಳೆಂದರೆ ಏನೋ ಮಸಲತ್ತಿರಬೇಕು, ಹಳೆಯ ಸರಕನ್ನು ನನ್ನ ತಲೆಗೆ ಕಟ್ಟುತ್ತಿದ್ದಾಳೆ ಎಂದುಕೊಂಡಳು. ಆ ಅಗಲದ ಜೋಡಿಯ ಹೊಲಿಗೆ ಎಳೆದಳು, ಅಟ್ಟೆ ಬಗ್ಗಿಸಿದಳು, ಯಾವ ದೋಷವೂ ಸಿಗಲಿಲ್ಲ. ಕೊನೆಗೆ ಮ್ಯಾನೇಜರನ್ನೇ ಕರೆಸಿದಳು.

ಅವನು ಬಂದು ವಿಷಯ ಕೇಳಿದವನೇ ಆ ಹೆಂಗಸಿನ ಮೇಲೆ ಹರಿಹಾಯ್ದ. "ಗಿರಾಕಿ ಕೇಳಿದ್ದನ್ನ ಕೊಡೋದು ಬಿಟ್ಟು ಬುದ್ಧಿ ಹೇಳ್ತೀಯಾ? ಇದು ಎಷ್ಟನೇ ಸಲ?" ಆಮೇಲೆ ನರ್ಸಿನ ಕಡೆ ತಿರುಗಿ ಹಲ್ಲುಕಿರಿದು, "ದುಬಾರೀದೇ ಒಳ್ಳೇದಮ್ಮ. ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂದ.

ಅಂಥ ನಗುವನ್ನು ಅವಳು ಬಹಳ ಕಂಡಿದ್ದಳು. "ಕಾಲು ನಂದಪ್ಪ. ನಿಜ ಹೇಳಿದ್ದಕ್ಕೆ ಅವಳನ್ನ ಯಾಕೆ ಬೈತೀಯಾ? ಗಿರಾಕಿಗಳು ನಾವು ಕೇಳೋದೇ ಆ ನಿಜಾನ" ಎಂದು ಅಗಲದ ಜೋಡಿಯನ್ನೇ ಕೊಂಡಳು. ಅಷ್ಟಾದರೂ ರಸೀದಿಯನ್ನು ಮಾತ್ರ ಬಿಸಾಡಲಿಲ್ಲ, ಜೋಪಾನವಾಗಿ ಪರ್ಸಿನಲ್ಲಿಟ್ಟುಕೊಂಡಳು.